ಚೀಟಿ ನಂ. 117 ಮತ್ತು 118ರ ನಡುವೆ

2025ರ ಅಕ್ಟೋಬರ್ 3, ಶುಕ್ರವಾರ, ಬೆಳಗ್ಗೆ 9 ಗಂಟೆ 40 ನಿಮಿಷ. ಕಲಘಟಗಿಯ ರೈತ ವಾಚನಾಲಯದ ಸರ್ವರ್ ಚಾಲೂ ಆಗಲಿಲ್ಲ.

ಗುಂಡಿ ಒತ್ತಿದವಳು ಗ್ರಂಥಪಾಲಕಿ ರುಬಿಯಾ. ಹಿಂದೆ ನಿಂತು ನೋಡಿದವನು ಈರಬಸಪ್ಪ. ಒಳಗೆ ಚಟ್ ಎಂದು ಒಂದು ಸಪ್ಪಳವಾಯಿತು, ಸುಟ್ಟ ರಬ್ಬರಿನಂಥ ವಾಸನೆ ಬಂತು. ಸರ್ವರಿನ ಫ್ಯಾನು ಮಾತ್ರ ಏನೂ ಆಗಿಲ್ಲವೆಂಬಂತೆ ತಿರುಗುತ್ತಲೇ ಇತ್ತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಬಂದು ನಿಂತಿತು. ಡಿಸ್ಕ್ ಸಿಗುತ್ತಿಲ್ಲ ಎಂಬುದು ಅದರ ತಾತ್ಪರ್ಯ.

ರುಬಿಯಾ ಮೇನ್ ಆರಿಸಿ ಪೆಟ್ಟಿಗೆಯ ಬಾಜೂ ತಗಡು ಸರಿಸಿದಳು. ಬಿಸಿ ತಡೆಯದೆಂದು ಆ ತಗಡಿಗೆ ಸ್ಕ್ರೂ ಹಾಕಿರಲಿಲ್ಲ. ಒಳಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಡಿಸ್ಕಿನ ಹಸಿರು ಹಲಗೆಯ ಮೇಲೆ ಒಂದು ಚೆಂಡುಹೂವಿನ ಎಸಳು ಅಂಟಿತ್ತು. ಎಸಳಿನ ಕೆಳಗೆ ಇನ್ನೂ ತೇವವಿತ್ತು.

ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ಶಾರದವ್ವನಿಗೆ ಆಗ ಅರ್ಥವಾಯಿತು.

"ಖಂಡೇ ಪೂಜಿ ಮಾಡೀನ್ರಿ ಮೇಡಂ," ಎಂದಳು. ದನಿ ಕೆಳಗಿಳಿದಿತ್ತು. "ವರ್ಷಾ ಮಾಡತೀನಲ್ರಿ. ಕತ್ತರಿ, ಸ್ಟೇಪ್ಲರು, ಬೀರೂ ಕೀಲಿ. ಈ ವರ್ಷ ಇದೂ ಬಂದಿತ್ತಲ್ರಿ."

"ನೀರಿಲೆ ಒರಿಸಿದ್ಯಾ?" ಈರಬಸಪ್ಪ ಕೇಳಿದ.

"ಕತ್ತರಿಗೆ ಬರೇ ನೀರು ಚಿಮಕಿಸಿದೆ ಅಜ್ಜಾ. ಇದಕ್ಕ ಹಸಿ ಅರಿವಿ ತಗೊಂಡು ಒಳಗೆಲ್ಲಾ ಸ್ವಚ್ಛ ಒರಿಸಿದೆ. ಮೇಡಮ್ಮಾರು ಅಂದಿದ್ರಲ್ಲ, ಈ ವಾಚನಾಲಯದಾಗ ಇದಕಿಂತ ದೊಡ್ಡದು ಯಾವುದೂ ಇಲ್ಲಾ ಅಂತ."

"ಅದಕ್ಕ ದೊಡ್ಡ ಜಳಕ ಮಾಡಿಸಿದೆಲ್ಲ ಬೇ! ಇನ್ನೊಂದೀಟು ಪ್ರೀತಿ ಇದ್ದಿದ್ರ ಬಾವ್ಯಾಗ ಇಳಿಸಿ ಎತ್ತತಿದ್ದಿ."

ಶಾರದವ್ವ ಅಳಲಿಲ್ಲ. ಗೋಡೆಗೆ ಒರಗಿ ಕುಳಿತಳು. ಅದು ಅಳುವುದಕ್ಕಿಂತ ಕಷ್ಟವಾಗಿತ್ತು ನೋಡಲಿಕ್ಕೆ.

ರುಬಿಯಾ ಏನಂದಾಳೆಂದು ಈರಬಸಪ್ಪ ಕಾದ. ಅವಳ ಮೂರು ತಿಂಗಳ ಕೆಲಸ ಆ ಡಿಸ್ಕಿನಲ್ಲಿತ್ತು. ಅವಳು ಎಸಳನ್ನು ಉಗುರಿನಿಂದ ತೆಗೆದು ಕಾಗದದ ಮೇಲಿಟ್ಟಳು. "ತಪ್ಪು ನಂದೈತ್ರಿ ಶಾರದಕ್ಕಾ. ತಗಡಿಗೆ ಸ್ಕ್ರೂ ಹಾಕಿದ್ರ ನೀವು ಒಳಗ ಕೈ ಹಾಕತಿರಲಿಲ್ಲ. ಏಳ್ರಿ, ಚಾ ಮಾಡ್ರಿ." ಆಮೇಲೆ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದಳು. ಸೋಮವಾರದ ಚೌಕದಲ್ಲಿ ಕೆಂಪು ಶಾಯಿಯ ಗುರುತಿತ್ತು.

ಸೋಮವಾರ, ಅಕ್ಟೋಬರ್ 6. ಅಂದು ದುಮ್ಮವಾಡದಿಂದ ಬಾಷಾಬಿ ಬರುವವಳಿದ್ದಳು.

ಬಾಷಾಬಿಯ ಗಂಡ ಮೀರಾಸಾಬ ಪಂಪ್‌ಸೆಟ್ ರಿಪೇರಿಯ ಮೇಸ್ತ್ರಿ. 1982ರಿಂದ 2023ರವರೆಗೆ ಕಲಘಟಗಿ ತಾಲೂಕಿನಲ್ಲಿ ಅವನು ಇಳಿಯದ ಬಾವಿ ಇರಲಿಲ್ಲ ಎನ್ನುತ್ತಿದ್ದರು ಜನ. ಇಳಿದ ಪ್ರತಿ ಬಾವಿಯನ್ನೂ ಅವನು ಅದೇ ದಿನ ಬರೆದಿಟ್ಟ. ಊರು, ಹೊಲದವರ ಹೆಸರು, ಸರ್ವೆ ನಂಬರು, ಆಳ, ಎಷ್ಟು ಅಡಿಗೆ ಕರಿಮಣ್ಣು ಮುಗಿದು ಗರಸು ಹತ್ತಿತು, ಎಷ್ಟು ಅಡಿಗೆ ಕಲ್ಲು, ಯಾವ ದಿಕ್ಕಿನ ಗೋಡೆಯಿಂದ ನೀರಿನ ಸೆಲೆ, ಬೇಸಿಗೆಯಲ್ಲಿ ಎಲ್ಲಿಗೆ ಇಳಿಯಿತು. ಕೊಳವೆಬಾವಿಯ ಕಾಲ ಬಂದಾಗ ಅದನ್ನೂ ಬರೆದ. ಒಟ್ಟು ನಲವತ್ಮೂರು ನೋಟುಬುಕ್ಕು. ಸರಕಾರ ಬರೆಸಿದ್ದಲ್ಲ, ಯಾರೂ ಕೇಳಿದ್ದಲ್ಲ. ಈರಬಸಪ್ಪ ತನ್ನ ನೌಕರಿಯಲ್ಲಿ ಸಾವಿರಾರು ವಹಿ ನೋಡಿದವನು. ಇಷ್ಟು ವರ್ಷ ಒಂದೇ ಕೈಯಲ್ಲಿ, ಒಂದೇ ಕ್ರಮದಲ್ಲಿ ಬರೆದ ಇನ್ನೊಂದನ್ನು ನೋಡಿರಲಿಲ್ಲ.

ಮೀರಾಸಾಬ ಬದುಕಿದ್ದಾಗ ಬೋರು ಹೊಡೆಸುವವರು ಮೊದಲು ಅವನ ಕಟ್ಟೆಗೆ ಬಂದು ಕೇಳುತ್ತಿದ್ದರು. ಅವನು ತೀರಿದ್ದು 2024ರ ಅಕ್ಟೋಬರ್ 6ಕ್ಕೆ. ಕೆಲವು ತಿಂಗಳು ಬಿಟ್ಟು ಸರ್ವೆಯವನೆಂದು ಹೇಳಿಕೊಂಡು ಒಬ್ಬ ಬಂದ, ಎರಡು ನೋಟುಬುಕ್ಕು ನೋಡಿ ಕೊಡುತ್ತೇನೆಂದು ಒಯ್ದ, ಮತ್ತೆ ಕಾಣಲಿಲ್ಲ. ಮಗ ಮುಜಫರ್ ತಿಂಗಳುಗಟ್ಟಲೆ ಅಲೆದು ಒಂದು ರದ್ದಿ ಅಂಗಡಿಯಲ್ಲಿ ಅವನ್ನು ಹುಡುಕಿ ತಂದ. ಅಂದಿನಿಂದ ಬಾಷಾಬಿ ಟ್ರಂಕಿನ ಕೀಲಿಯನ್ನು ಕೊರಳಲ್ಲಿ ಹಾಕಿಕೊಂಡಳು.

ಜೂನ್ ತಿಂಗಳಲ್ಲಿ ರುಬಿಯಾ ದುಮ್ಮವಾಡಕ್ಕೆ ಮೂರು ಸಲ ಹೋದಳು. ಮೂರನೆಯ ಸಲ ಈರಬಸಪ್ಪನೂ ಜೊತೆಗಿದ್ದ. ಬಾಷಾಬಿ ಇಪ್ಪತ್ನಾಲ್ಕು ನೋಟುಬುಕ್ಕು ಎಣಿಸಿ ಕೊಟ್ಟಳು. ಎಲ್ಲಕ್ಕೂ ಹಳೆಯ ಹತ್ತೊಂಬತ್ತನ್ನು ಟ್ರಂಕಿನಲ್ಲೇ ಉಳಿಸಿಕೊಂಡಳು.

"ವರ್ಷದ ಫಾತಿಹಾ ದಿನ ಬರತೀನಿ ಬೇಟಿ," ಎಂದಿದ್ದಳು. "ಅವರ ಹೆಸರು, ಅವರ ಬರಹ, ನಾ ಕೇಳಿದ ಬಾವಿ ನೀ ಅಲ್ಲೇ ತೋರಿಸಬೇಕು. ತೋರಿಸಿದ್ರ ಉಳಿದದ್ದು ಕೊಡತೀನಿ. ಇಲ್ಲಂದ್ರ ಕೊಟ್ಟದ್ದೂ ವಾಪಸ್. ಆಮ್ಯಾಲೆ ಯಾರಿಗೂ ಬಾಗಲಾ ತೆರಿಯಂಗಿಲ್ಲ."

ಹಳೆಯ ಹತ್ತೊಂಬತ್ತರಲ್ಲಿ ಇದ್ದದ್ದು ಈಗ ಹೂತುಹೋದ ಬಾವಿಗಳ ಲೆಕ್ಕ. ಅವು ಬೇರೆಲ್ಲೂ ಇರಲಿಲ್ಲ.

ರುಬಿಯಾ ಮಾಡಲು ಹೊರಟದ್ದು ಇದನ್ನು. ಯಾರೋ ದಾನ ಕೊಟ್ಟಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅದನ್ನೇ ಸರ್ವರ್ ಮಾಡುವುದು; ದೊಡ್ಡ ಗ್ರಂಥಾಲಯಗಳು ದಾಖಲೆ ಇಡಲು ಬಳಸುವ ಡಿಸ್ಪೇಸ್ ಎಂಬ ಪುಕ್ಕಟೆ ತಂತ್ರಾಂಶವನ್ನು ಅದರ ಮೇಲೆ ಕೂಡಿಸುವುದು; ನೋಟುಬುಕ್ಕಿನ ಪ್ರತಿ ಹಾಳೆಯ ಸ್ಕ್ಯಾನು ಅದರಲ್ಲಿ ಸೇರಿಸಿ ಊರು, ಹೆಸರು, ಆಳ ಯಾವುದರಿಂದ ಹುಡುಕಿದರೂ ಸಿಗುವಂತೆ ಮಾಡುವುದು. ವಾಚನಾಲಯದ ವೈ-ಫೈ ಹಿಡಿದರೆ ರೈತನ ಮೊಬೈಲಿನಲ್ಲೇ ಹಾಳೆ ಕಾಣಬೇಕು.

ಈ ತಂತ್ರಾಂಶ ಒಂದೇ ಗುಂಡಿ ಒತ್ತಿದರೆ ಕೂಡುವಂಥದ್ದಲ್ಲ. ಕೆಳಗೆ ಜಾವಾ ಬೇಕು, ಅದೂ ಹೇಳಿದ ಆವೃತ್ತಿಯೇ ಬೇಕು. ಮಾಹಿತಿ ಇಡಲು ಒಂದು ಡೇಟಾಬೇಸ್, ಹುಡುಕಲು ಒಂದು ಯಂತ್ರ, ಜನಕ್ಕೆ ಕಾಣುವ ಮುಖಪುಟಕ್ಕೆ ಇನ್ನೊಂದು. ಒಂದೊಂದಕ್ಕೂ ಹತ್ತಾರು ಆಜ್ಞೆ. ಒಂದು ಚುಕ್ಕೆ ತಪ್ಪಿದರೆ ಮುಂದಿನ ಬಾಗಿಲು ತೆರೆಯದು. ರುಬಿಯಾ ಇದನ್ನು ಯಾವ ಕಾಲೇಜಿನಲ್ಲೂ ಕಲಿತಿರಲಿಲ್ಲ. ಕೈಪಿಡಿ ಓದುತ್ತಾ, ತಪ್ಪುತ್ತಾ, ಸರಿಮಾಡುತ್ತಾ ಹೋದಳು. ದಿನಪತ್ರಿಕೆ ಓದಲು ಬಮ್ಮಿಗಟ್ಟಿಯಿಂದ ಬಸ್ಸಿಗೆ ಬರುತ್ತಿದ್ದ ಈರಬಸಪ್ಪ ಒಂದು ದಿನ ಕುರ್ಚಿ ಎಳೆದುಕೊಂಡು ಅವಳ ಬಾಜೂ ಕುಳಿತ.

ಅವನಿಗೆ ಎಪ್ಪತ್ತೊಂದು. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ಮೂರು ವರ್ಷ ತೆಗೆದವನು. ಅಲ್ಲಿ ದಾಖಲೆಗಳನ್ನು ಕೆಂಪು ರುಮಾಲಿನಲ್ಲಿ ಕಟ್ಟಿಡುತ್ತಿದ್ದರು. ರುಮಾಲು ಬಿಚ್ಚಿದವನು ಒಳಗೊಂದು ಚೀಟಿ ಇಡಬೇಕು: ಯಾರು ಬಿಚ್ಚಿದರು, ಯಾವಾಗ, ಯಾಕೆ. ಈರಬಸಪ್ಪ ಅದಕ್ಕೆ ತಾನಾಗಿ ನಾಲ್ಕನೆಯ ಮಾತು ಸೇರಿಸಿದ್ದ: ಏನು ಕಂಡಿತು. ಹುಳ ಹಿಡಿದ ಮೂಲೆ, ಹರಿದ ಹಾಳೆ, ಮಾಸಿದ ಸಿಕ್ಕಾ, ಕಂಡದ್ದೆಲ್ಲ. ಇದಕ್ಕಾಗಿ ಕಚೇರಿಯಲ್ಲಿ ಅವನನ್ನು ಚೀಟಿ ಈರಬಸಪ್ಪ ಎಂದು ಕಾಡುತ್ತಿದ್ದರು. ಒಬ್ಬ ಗುಮಾಸ್ತನಂತೂ ಮಗಳ ಮದುವೆಯ ಊಟ ಮುಗಿದ ಮೇಲೆ ಎಲೆಯ ಬಾಜೂ ಖಾಲಿ ಚೀಟಿ ಇಟ್ಟು, "ಏನೇನ ಕಂಡ್ರಿ ಬರೀರಿ," ಎಂದಿದ್ದ.

"ಇದೂ ದಫ್ತರನ ಅಲ್ಲೇನವಾ?" ಎಂದು ಜೂನಿನಲ್ಲಿ ಅವನು ರುಬಿಯಾಗೆ ಕೇಳಿದ್ದ. "ನೀ ಏನೋ ಕೇಳತಿ, ಅದು ಏನೋ ಹೇಳತೈತಿ. ಚೀಟಿ ಎಲ್ಲೈತಿ?"

"ಮಷೀನು ತಾನ ಬರಕೊಂಡಿರತೈತಿ ಕಾಕಾ. ನಾ ಕೊಟ್ಟ ಆಜ್ಞಾ ಎಲ್ಲಾ ಅದರೊಳಗ ಇರತಾವ."

"ಪೆಟಿಗಿ ಕೀಲಿ ಪೆಟಿಗ್ಯಾಗ ಇಟ್ಟಂಗಾತು."

ಅವಳು ನಕ್ಕಿದ್ದಳು. ಆದರೆ ಬೇಡ ಅನ್ನಲಿಲ್ಲ. ಅವಳು ಟೈಪ್ ಮಾಡುತ್ತಿದ್ದಳು. ಅವನು ಇಂಗ್ಲಿಷ್ ಅಕ್ಷರಗಳನ್ನು ಚಿತ್ರ ಬಿಡಿಸಿದ ಹಾಗೆ ಒಂದೊಂದೇ ನೋಡಿ ಚೀಟಿಯ ಮೇಲೆ ಇಳಿಸುತ್ತಿದ್ದ. ನಂಬರು, ತಾರೀಖು, ಗಂಟೆ, ಕೇಳಿದ್ದೇನು, ಯಂತ್ರ ಹೇಳಿದ್ದೇನು. ಅರ್ಥವಾಗದ ಅಂಕಿಗಳನ್ನೂ ಬಿಡುತ್ತಿರಲಿಲ್ಲ. ಅರ್ಥವಾಗದ್ದನ್ನು ಬಿಡುವ ಹಕ್ಕು ದಫ್ತರದವನಿಗಿಲ್ಲ ಎಂಬುದು ಅವನ ನಂಬಿಕೆ. ಸೆಪ್ಟೆಂಬರ್ ಕೊನೆಗೆ 203 ಚೀಟಿಗಳಾದವು. ನೋಟುಬುಕ್ಕಿನ ವಿವರಗಳನ್ನೂ ಹಾಗೆಯೇ ಊರುವಾರು ಕಾರ್ಡು ಮಾಡಿ ಬರೆದ. ಅವು 312. ಎಲ್ಲವನ್ನೂ ಒಂದು ಕೆಂಪು ರುಮಾಲಿನಲ್ಲಿ ಕಟ್ಟಿ ಬೀರುವಿನಲ್ಲಿಟ್ಟ.

ಈಗ ಡಿಸ್ಕ್ ಸತ್ತಿತ್ತು. ಯಂತ್ರ ತಾನೇ ಬರೆದುಕೊಂಡ ಆಜ್ಞೆಗಳು ಅದರೊಳಗೇ ಇದ್ದವು. ದಿನಾ ತೆಗೆಯುತ್ತಿದ್ದ ನಕಲೂ ಅದರೊಳಗೇ ಇತ್ತು. ಅದನ್ನು ಹೊರಗಿಡಬೇಕೆಂದು ರುಬಿಯಾ ಅಂದುಕೊಂಡಿದ್ದಳು, ಇಟ್ಟಿರಲಿಲ್ಲ. ಸ್ಕ್ಯಾನುಗಳಿದ್ದ ಬೇರೆ ಡಿಸ್ಕ್ ಮಾತ್ರ ಬೀರುವಿನಲ್ಲಿ ಸುರಕ್ಷಿತವಾಗಿತ್ತು. ಬೀರುವಿನ ಕೀಲಿಗಷ್ಟೇ ಪೂಜೆಯಾಗಿತ್ತು.

ಚಾ ಕುಡಿದ ಮೇಲೆ ರುಬಿಯಾ ಕೇಳಿದಳು: "ಕಾಕಾ, ಆ ರುಮಾಲು ತಗೀರಿ."

ಅಷ್ಟೇ ಕೇಳಿದಳು. ನಾನು ನಗಬಾರದಿತ್ತು ಎಂದೇನೂ ಅನ್ನಲಿಲ್ಲ. ಈರಬಸಪ್ಪನೂ, ನಾ ಹೇಳಿರಲಿಲ್ಲೇನು, ಎನ್ನಲಿಲ್ಲ. ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಚಾದ ಜೊತೆ ನುಂಗಿದ.

ಮಧ್ಯಾಹ್ನದ ಬಸ್ಸಿಗೆ ರುಬಿಯಾ ಹುಬ್ಬಳ್ಳಿಗೆ ಹೋಗಿ ಹೊಸ ಡಿಸ್ಕ್ ತಂದಳು. ಬರುವಾಗ ನಾಲ್ಕು ಸ್ಕ್ರೂಗಳನ್ನೂ ತಂದಿದ್ದಳು.

ಶನಿವಾರ ಬೆಳಗ್ಗೆ ಎಂಟಕ್ಕೆ ಕೆಲಸ ಶುರುವಾಯಿತು. ಈರಬಸಪ್ಪ ಚೀಟಿ ಓದುತ್ತಿದ್ದ, ರುಬಿಯಾ ಟೈಪ್ ಮಾಡುತ್ತಿದ್ದಳು. ಜೂನಿನಲ್ಲಿ ಹನ್ನೊಂದು ದಿನ ಹಿಡಿದ ಹಾದಿ ಈಗ ಮಧ್ಯಾಹ್ನದೊಳಗೆ ಮುಗಿಯಿತು. ಯಾಕೆಂದರೆ ತಪ್ಪಿದ ಹೆಜ್ಜೆಗಳೂ ಚೀಟಿಯಲ್ಲಿದ್ದವು. "ನಂಬರ್ ಇಪ್ಪತ್ತೆರಡು ಬಿಡು, ಅದು ತಪ್ಪು ಜಾವಾ. ಇಪ್ಪತ್ತೇಳಕ್ಕ ಬಾ," ಎನ್ನುತ್ತಿದ್ದ ಈರಬಸಪ್ಪ. ಆಜ್ಞೆಯ ಅರ್ಥ ಅವನಿಗೆ ಗೊತ್ತಿರಲಿಲ್ಲ, ಯಾವುದರ ನಂತರ ಯಂತ್ರ ಬೈದಿತ್ತು ಎಂಬುದು ಗೊತ್ತಿತ್ತು. ಹಳೆಯ ಚೀಟಿ ನೋಡಿ ಮಾಡಿದ್ದಕ್ಕೂ ಅವನು ಹೊಸ ಚೀಟಿ ಬರೆಯುತ್ತಿದ್ದ: "ನಂ. 27ರಂತೆ. ಸರಿ."

"ಕಾಕಾ, ಇವತ್ತರ ಸ್ವಲ್ಪ ಕೈಗೆ ಆರಾಮ ಕೊಡ್ರಿ."

"ಇವತ್ತು ತಾರೀಖು ಬ್ಯಾರೆ ಐತೆಲ್ಲ."

ಶಾರದವ್ವ ಕುರ್ಚಿ ಹಾಕಿಕೊಂಡು ಮೇನ್ ಸ್ವಿಚ್ಚಿನ ಕೆಳಗೆ ಕುಳಿತಿದ್ದಳು. ಹದಿನೆಂಟು ವರ್ಷದಿಂದ ದಿನಾ ಸಂಜೆ ಐದಕ್ಕೆ ಮೇನ್ ಆರಿಸಿ, ಬೋರ್ಡು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಮನೆಗೆ ಹೋಗುವುದು ಅವಳ ಪದ್ಧತಿ. ಅಂದು ಮಾತ್ರ ಯಾರನ್ನೂ ಅದರ ಹತ್ತಿರ ಬಿಡಲಿಲ್ಲ. ಪತ್ರಿಕೆ ಓದಲು ಬಂದ ಒಬ್ಬರು ಫ್ಯಾನ್ ಹಾಕಲು ಕೈ ಎತ್ತಿದಾಗ, "ಸೆಕಿ ಆದ್ರ ಹೊರಗ ಗಿಡದ ಬುಡಕ ಕುಂದರ್ರಿ," ಎಂದು ಗದರಿಸಿ ಕಳಿಸಿದಳು.

ಮೂರು ಗಂಟೆಗೆ ಚೀಟಿ ನಂ. 117 ಬಂತು. ತಾರೀಖು ಆಗಸ್ಟ್ 18. ಅದನ್ನು ಓದಿ ಕೆಳಗಿಟ್ಟು ಈರಬಸಪ್ಪ ಮುಂದಿನದನ್ನು ಎತ್ತಿದ. ನಂ. 118ರ ತಾರೀಖು ಆಗಸ್ಟ್ 22.

ನಡುವಿನ ಮೂರು ದಿನ ಅವನು ಇರಲಿಲ್ಲ. ಹುಬ್ಬಳ್ಳಿಯಲ್ಲಿ ಎಡಗಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಕಟ್ಟಿಕೊಂಡು ಮಲಗಿದ್ದ. ರುಬಿಯಾ ಒಬ್ಬಳೇ ಕೆಲಸ ಮಾಡಿದ್ದಳು. ಚೀಟಿ ಬರೆದಿರಲಿಲ್ಲ.

"ಏನು ಮಾಡಿದ್ದಿ ನೆನಪೈತೇನವಾ?"

"ಮುಖಪುಟ ಕಟ್ಟಿದ್ದೆ. ಅದರ ಆಜ್ಞಾ ಗೊತ್ತೈತಿ, ಕೈಪಿಡ್ಯಾಗ ಐತಿ. ಹಾಕತೀನಿ."

ಹಾಕಿದಳು. ಯಂತ್ರ ಇಪ್ಪತ್ತು ನಿಮಿಷ ದುಡಿಯಿತು. ಆಮೇಲೆ ಒಂದೇ ಒಂದು ಶಬ್ದ ಬರೆದು ನಿಂತಿತು. ಈರಬಸಪ್ಪ ಅದನ್ನು ಇಳಿಸಿಕೊಂಡು ಅರ್ಥ ಕೇಳಿದ.

"ಕೊಲ್ಲಲಾಯಿತು ಅಂತ ಕಾಕಾ."

"ಯಾರು ಕೊಂದ್ರು? ಯಾಕ?"

"ಹೇಳಿಲ್ಲ."

ಮತ್ತೊಮ್ಮೆ ಹಾಕಿದಳು. ಮತ್ತೆ ಇಪ್ಪತ್ತು ನಿಮಿಷ. ಮತ್ತೆ ಅದೇ ಶಬ್ದ. ಗಡಿಯಾರ ನಾಲ್ಕು ದಾಟಿತ್ತು. ಆಗಸ್ಟಿನಲ್ಲಿಯೂ ಇದೇ ಆಗಿತ್ತೆಂದು ಅವಳಿಗೆ ನೆನಪಿತ್ತು. ಮೂರು ದಿನ ಹತ್ತು ಹಾದಿ ತುಳಿದಿದ್ದಳು. ಯಾವ ಹಾದಿ ಮುಟ್ಟಿತೆಂಬುದು ನೆನಪಿರಲಿಲ್ಲ. ಮತ್ತೆ ಮೂರು ದಿನ ಅವಳ ಹತ್ತಿರ ಇರಲಿಲ್ಲ.

ರುಬಿಯಾ ಕೀಲಿಮಣೆಯಿಂದ ಕೈ ತೆಗೆದಳು. "ನಿಮ್ಮ ಮೂರು ದಿನದ ಕೆಲಸ ನಾ ಮಾಡಲಿಲ್ಲ ಕಾಕಾ," ಎಂದಳು.

ಈರಬಸಪ್ಪನಿಗೆ ತನ್ನ ಹಳೆಯ ಕೋಣೆ ನೆನಪಾಯಿತು. ಗೆದ್ದಲು ತಿಂದ ವಹಿಗಳ ಕಾಲ. "ನೋಡವಾ," ಎಂದ, "ಹಾಳಿ ಹರದು ಹೋಗಿದ್ರ ಹರದ ಜಾಗಾ ನೋಡಕೋತ ಕುಂದರಬಾರದು. ಹಿಂದಿನ ಹಾಳಿ ಓದಬೇಕು, ಮುಂದಿನ ಹಾಳಿ ಓದಬೇಕು. ಹಿಂದಿನದರಾಗ ಹೊಲ ತಂದೀದು ಇತ್ತು, ಮುಂದಿನದರಾಗ ಇಬ್ಬರು ಮಕ್ಕಳದು ಐತಿ ಅಂದ್ರ ನಡುವ ಏನಾಗೇತಿ? ವಾಟ್ಣಿ ಆಗೇತಿ, ಹೊಲ ಪಾಲಾಗೇತಿ. ಹರದ ಹಾಳ್ಯಾಗ ಬ್ಯಾರೆ ಏನಿರತೈತಿ?"

ರುಬಿಯಾ 117 ಮತ್ತು 118ನ್ನು ಮೇಜಿನ ಮೇಲೆ ಬಾಜೂಬಾಜೂ ಇಟ್ಟಳು.

ಕೆಲಸ ಶುರು ಮಾಡುವಾಗಲೂ ಮುಗಿಸುವಾಗಲೂ ಯಂತ್ರದ ಮೆಮೊರಿ ಎಷ್ಟು ಖಾಲಿ ಇದೆಯೆಂದು ಕೇಳಿ ನೋಡುವುದು ಅವಳ ರೂಢಿ. ಉತ್ತರವಾಗಿ ಎರಡು ಸಾಲು ಅಂಕಿ ಬರುತ್ತಿದ್ದವು. ಅವಳು ಮೊದಲ ಸಾಲನ್ನಷ್ಟೇ ನೋಡುತ್ತಿದ್ದಳು. ಈರಬಸಪ್ಪ ಎರಡನ್ನೂ ಬರೆದುಕೊಳ್ಳುತ್ತಿದ್ದ.

ಅವಳ ಬೆರಳು 117ರ ಎರಡನೆಯ ಸಾಲಿನ ಮೇಲೆ ನಿಂತಿತು. ಅಲ್ಲಿ ಸೊನ್ನೆ. 118ರ ಎರಡನೆಯ ಸಾಲಿಗೆ ಸರಿಯಿತು. ಅಲ್ಲಿ ನಾಲ್ಕು.

ಅವಳು ಕೀಲಿಮಣೆಗೆ ಬಾಗಿದಳು. ನಾಲ್ಕು ಆಜ್ಞೆ ಕೊಟ್ಟಳು. ಮುಖಪುಟ ಕಟ್ಟುವ ಆಜ್ಞೆಯನ್ನು ಮೂರನೆಯ ಸಲ ಹಾಕಿ, ಆಮೇಲೆ ತಿರುಗಿದಳು.

"ಮೆಮೊರಿ ಸಾಲಲಾರದ್ದಕ್ಕ ಲಿನಕ್ಸ್ ತಾನ ಆ ಕೆಲಸ ಕೊಂದು ಹಾಕತಿತ್ತು ಕಾಕಾ. ಡಿಸ್ಕಿನ್ಯಾಗ ನಾಲ್ಕು ಜಿಬಿ ಜಾಗಾ ಮೆಮೊರಿಗೆ ಬಿಟ್ಟುಕೊಟ್ಟಿದ್ದೆ ಆಗಸ್ಟ್‌ದಾಗ. ಆ ನಾಲ್ಕು ಇದ."

"ಸುಗ್ಗ್ಯಾಗ ಚೀಲ ಹೆಚ್ಚಾದ್ರ ಬಾಜೂ ಮನಿ ಪಡಸಾಲ್ಯಾಗ ಇಡತೀವಲ್ಲ, ಹಂಗ?"

"ಅಗದಿ ಹಂಗ."

"ಆ ನಾಕು ಏನಂತ ನನಗ ಗೊತ್ತಿರಲಿಲ್ಲ ನೋಡು," ಎಂದ ಈರಬಸಪ್ಪ.

"ಗೊತ್ತಿಲ್ಲದ್ದೂ ಬರದೀರಲ್ಲ ಕಾಕಾ. ನನಗ ಗೊತ್ತಿದ್ದೂ ಬರೀಲಿಲ್ಲ."

ಈರಬಸಪ್ಪ ಅವಳನ್ನು ನೋಡಿದ. ಮೂವತ್ಮೂರು ವರ್ಷದಲ್ಲಿ ಅವನ ಚೀಟಿಯ ನಾಲ್ಕನೆಯ ಸಾಲನ್ನು ಯಾರಾದರೂ ಓದಿ ಕೆಲಸ ಮಾಡಿದ್ದು ಅವನಿಗೆ ಗೊತ್ತಿರಲಿಲ್ಲ. ಎರಡು ಅಂಕಿಯ ನಡುವೆ ಮೂರು ದಿನವನ್ನು ಓದುವುದು ಬರೆಯುವುದಕ್ಕಿಂತ ದೊಡ್ಡದು ಎಂದು ಅವನಿಗನ್ನಿಸಿತು. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಪೆನ್ನಿನ ಟೊಪ್ಪಿಗೆ ತೆಗೆದು ಬರೆಯಲು ಕುಳಿತ.

ಐದು ಗಂಟೆ ಹತ್ತು ನಿಮಿಷಕ್ಕೆ ಮುಖಪುಟ ಮೂಡಿತು. ಶಾರದವ್ವ ಕುರ್ಚಿ ಬಿಟ್ಟು ಬಂದು ನೋಡಿದಳು. "ಬದುಕೇತೇನ್ರಿ?" ಎಂದಳು.

"ಬದುಕೇತಿ," ಎಂದ ಈರಬಸಪ್ಪ. "ನೀ ಒಂದ ಎರಡ ಮಾರು ದೂರ ನಿಂದ್ರು."

ಭಾನುವಾರ ಕಾರ್ಡುಗಳ ದಿನ. 312 ಕಾರ್ಡು. ಈರಬಸಪ್ಪನ ಎಡಗಣ್ಣಿನಲ್ಲಿ ನೀರು ಬರುತ್ತಿತ್ತು. ಹತ್ತು ಕಾರ್ಡು ಓದುವಷ್ಟರಲ್ಲಿ ಅಕ್ಷರ ಕದಡಿದವು. ಏಳನೆಯ ಇಯತ್ತೆ ಓದಿದ್ದ ಶಾರದವ್ವ ಸೀರೆಗೆ ಕೈ ಒರೆಸಿಕೊಂಡು, ಎರಡು ಸಲ ಒರೆಸಿಕೊಂಡು, ಕಾರ್ಡು ಕೈಗೆತ್ತಿಕೊಂಡಳು.

"ಕೈ ಒಣಗೇತಿ ನೋಡ್ರಿ ಅಜ್ಜಾ," ಎಂದು ತೋರಿಸಿದಳು.

ಅವಳು ಓದಿದಳು, ರುಬಿಯಾ ಟೈಪ್ ಮಾಡಿದಳು, ಈರಬಸಪ್ಪ ಕಾರ್ಡಿನ ಮೂಲೆಗೆ ಗುರುತು ಹಾಕಿದ. ಶಾಲೆಯ ಮಕ್ಕಳ ಹಾಗೆ ರಾಗವಾಗಿ ಓದುತ್ತಿದ್ದಳು ಶಾರದವ್ವ. ನೂರರ ಮೇಲೆ ಹೋದಂತೆ ರಾಗ ಹೋಗಿ ಕುತೂಹಲ ಬಂತು. "ಯವ್ವಾ, ಇವರ ಬಾವ್ಯಾಗ ಎಂಬತ್ತು ಅಡಿಗೆ ನೀರಂತ. ಬಾಜೂ ಹೊಲದಾಗ ಇಪ್ಪತ್ತಾರಕ್ಕ ಸಿಕ್ಕೇತಿ. ಅದಕ್ಕ ಆ ಎರಡೂ ಮನಿಯವರು ಮಾತಾಡಂಗಿಲ್ಲೇನ್ರಿ?" ಒಂದು ಕಾರ್ಡಿನಲ್ಲಿ ಅವಳ ತಂದೆಯ ಹೆಸರಿತ್ತು. ಅದನ್ನು ಒಮ್ಮೆ ಮನಸ್ಸಿನಲ್ಲಿ ಓದಿಕೊಂಡು, ಆಮೇಲೆ ಉಳಿದವುಗಳಂತೆಯೇ ಓದಿದಳು. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಮುನ್ನೂರ ಹನ್ನೆರಡನೆಯದು ಮುಗಿಯಿತು. ರುಬಿಯಾ ಎಲ್ಲವನ್ನೂ ಸ್ಕ್ಯಾನುಗಳ ಜೊತೆ ಡಿಸ್ಪೇಸಿನ ಭಂಡಾರಕ್ಕೆ ಸೇರಿಸಿದಳು. ಅದರ ನಕಲನ್ನು ಈ ಸಲ ಬೇರೆ ಡಿಸ್ಕಿಗೆ ತೆಗೆದು ತನ್ನ ಚೀಲದಲ್ಲಿ ಹಾಕಿಕೊಂಡಳು. ತಗಡು ಮುಚ್ಚಿ ನಾಲ್ಕೂ ಸ್ಕ್ರೂ ತಿರುವಿದಳು.

ಸೋಮವಾರ ಬೆಳಗ್ಗೆ ಮೇನ್ ಹಾಕುವ ಹೊತ್ತಿಗೆ ಶಾರದವ್ವ ಹಿಂದೆ ಸರಿದಳು.

"ನೀವ ಹಾಕ್ರಿ," ಎಂದಳು ರುಬಿಯಾ.

"ಬ್ಯಾಡ್ರಿ ಮೇಡಂ. ನನ್ನ ಕೈ ಗುಣ ಚಲೋ ಇಲ್ಲ."

"ಹದಿನೆಂಟು ವರ್ಷ ನೀವ ಹಾಕೀರಿ. ಹಾಕ್ರಿ."

ಹಾಕಿದಳು. ಕಣ್ಣು ಮುಚ್ಚಿಕೊಂಡೇ ಹಾಕಿದಳು. ಒಂದೂವರೆ ನಿಮಿಷದಲ್ಲಿ ಭಂಡಾರ ತಾನಾಗಿ ಎದ್ದಿತು.

ಬಾಷಾಬಿ ಬಂದಾಗ ಹನ್ನೊಂದು ಕಾಲು. ಬೆಳಗ್ಗೆ ಫಾತಿಹಾ ಮುಗಿಸಿ ಬಸ್ಸಿಗೆ ಬಂದಿದ್ದಳು. ಜೊತೆಗೆ ಮುಜಫರ್. ಅಂಗಿಯ ತೋಳಿಗೆ ಗ್ರೀಸ್ ಹತ್ತಿತ್ತು. ತಂದೆಯ ಕಸಬು ಮಗನಿಗೆ ಬಂದಿತ್ತು.

"ಬರ್ರಿ ವೈನಿ," ಎಂದ ಈರಬಸಪ್ಪ.

ಅವಳು ಕುಳಿತುಕೊಳ್ಳಲಿಲ್ಲ. ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ತೆಗೆದಳು. ಜೂನಿನಲ್ಲಿ ಈರಬಸಪ್ಪ ಬರೆದುಕೊಟ್ಟ ಚೀಟಿ. ಇಪ್ಪತ್ನಾಲ್ಕು ನೋಟುಬುಕ್ಕು, ಒಂದೊಂದರ ಬಣ್ಣ, ಹಾಳೆ ಎಷ್ಟು, ಯಾವುದರ ಮೂಲೆ ಹರಿದಿದೆ.

"ಮೊದಲು ನನ್ನ ಬುಕ್ಕು," ಎಂದಳು.

ಮೇಜಿನ ಮೇಲೆ ಇಪ್ಪತ್ನಾಲ್ಕೂ ಜೋಡಿಸಿಟ್ಟಿದ್ದವು. ಮುಜಫರ್ ಚೀಟಿ ಓದಿದ, ಅವಳು ಒಂದೊಂದನ್ನೂ ಮುಟ್ಟಿ ಎಣಿಸಿದಳು. ಹರಿದ ಮೂಲೆ ಹರಿದಂತೆಯೇ ಇತ್ತು. ಹೊಸದಾಗಿ ಯಾವುದೂ ಹರಿದಿರಲಿಲ್ಲ.

"ಈಗ ತೋರಿಸು ಬೇಟಿ. ಬಮ್ಮಿಗಟ್ಟಿ ರೇವವ್ವನ ಬಾವಿ."

ರುಬಿಯಾ ಮುಜಫರ್‌ನ ಮೊಬೈಲನ್ನು ವಾಚನಾಲಯದ ವೈ-ಫೈಗೆ ಹಚ್ಚಿ, ಭಂಡಾರ ತೆರೆದು ಅವನ ಕೈಗೇ ಕೊಟ್ಟಳು. "ನೀವ ಹುಡುಕ್ರಿ," ಎಂದಳು.

ಅವನು ಎರಡು ಶಬ್ದ ಬರೆದ. ಮೊದಲು ಸಾಲು ಬಂತು: ಮೀರಾಸಾಬ, ದುಮ್ಮವಾಡ, ನೋಟುಬುಕ್ಕು 31, ಬಮ್ಮಿಗಟ್ಟಿ, ಆಳ 46 ಅಡಿ, ನೀರು 38ಕ್ಕೆ, ಪೂರ್ವದ ಗೋಡೆ. ಅದನ್ನು ಒತ್ತಿದ ಕೂಡಲೇ ಹಾಳೆಯೇ ಬಂತು.

ಬಾಷಾಬಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವಳು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಹಾಳೆಯ ಬಲಮೂಲೆಯಲ್ಲಿ ಅರ್ಧ ಬಳೆಯಂಥ ಕಂದು ಗುರುತಿತ್ತು.

"ಇದು ನನ್ನ ಚಾದ ಕಲಿ," ಎಂದಳು. "ಆ ದಿನ ಜ್ವರಾ ಇಟಕೊಂಡು ಬಾವಿ ಇಳದು ಬಂದಿದ್ರು. ಮೈ ಕೆಂಡ ಆಗಿತ್ತು. ಮಲಕೋರಿ ಅಂದ್ರ, ಬರದ ಮಲಗತೀನಿ ಅಂದ್ರು. ಸಿಟ್ಟು ಬಂದು ಬುಕ್ಕಿನ ಮ್ಯಾಲೆ ಚಾ ಕುಕ್ಕಿದ್ದೆ."

"ಅಪ್ಪ ಏನಂದ್ರು?" ಮುಜಫರ್ ಕೇಳಿದ. ಈ ಸಂಗತಿ ಅವನಿಗೂ ಹೊಸದು.

"ಏನಂತಾರ? ಬಟ್ಟಲ ಸರಿಸಿ ಬರದ್ರು."

ಈಗ ಅವಳು ಕುಳಿತಳು. ಶಾರದವ್ವ ಚಾ ತಂದಳು. ಬಾಷಾಬಿ ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡಳು, ಮೇಜಿನ ಮೇಲೆ ಇಡಲಿಲ್ಲ. ಇನ್ನೂ ಮೂರು ಬಾವಿ ಕೇಳಿದಳು. ಮೂರೂ ಬಂದವು. ಉಳಿದ ಹತ್ತೊಂಬತ್ತರ ಮಾತನ್ನು ರುಬಿಯಾ ಎತ್ತಲಿಲ್ಲ. ಈರಬಸಪ್ಪನೂ ಎತ್ತಲಿಲ್ಲ. ಕೆಟ್ಟ ಡಿಸ್ಕಿನ ಸುದ್ದಿ ಮಾತ್ರ ರುಬಿಯಾ ತಾನಾಗಿ ಹೇಳಿದಳು: ಶುಕ್ರವಾರ ಎಲ್ಲ ಹೋಗಿತ್ತು, ಚೀಟಿ ನೋಡಿ ಮತ್ತೆ ಕಟ್ಟಿದೆವು. ಪೂಜೆಯ ಮಾತು ಎತ್ತಲಿಲ್ಲ. ತಗಡಿಗೆ ಸ್ಕ್ರೂ ಇರಲಿಲ್ಲ, ನೀರು ಹೋಯಿತು ಎಂದಷ್ಟೇ ಹೇಳಿದಳು. ಬಾಗಿಲ ಬಳಿ ಶಾರದವ್ವ ಖಾಲಿ ತಟ್ಟೆ ಹಿಡಿದು ನಿಂತಿದ್ದಳು.

ಬಾಷಾಬಿ ರುಬಿಯಾಳ ಕಡೆ ತಿರುಗಿದಳು.

"ಈ ಸುದ್ದಿ ಮುಚ್ಚಿ ಇಟ್ಟಿದ್ರ ನನಗ ಗೊತ್ತಾಗತಿರಲಿಲ್ಲ," ಎಂದಳು.

"ಹೌದ್ರಿ."

"ಆ ಸರ್ವೆಯಾವ ಒಂದು ಚೀಟೀನೂ ಕೊಡಲಿಲ್ಲ," ಎಂದು ಅವಳು ಜೂನಿನ ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಸೆರಗಿಗೆ ಕಟ್ಟಿದಳು. ಒಂದು ಗಂಟೆಯ ಬಸ್ಸಿಗೆ ತಾಯಿ ಮಗ ಇಬ್ಬರೂ ಹೋದರು. ಇಪ್ಪತ್ನಾಲ್ಕು ನೋಟುಬುಕ್ಕನ್ನು ಒಯ್ಯಲಿಲ್ಲ. ಹತ್ತೊಂಬತ್ತರ ಬಗ್ಗೆ ಏನೂ ಹೇಳಲಿಲ್ಲ.

ಅಕ್ಟೋಬರ್ 13, ಸೋಮವಾರ, ಮಧ್ಯಾಹ್ನ 12 ಗಂಟೆ 20 ನಿಮಿಷಕ್ಕೆ ಮುಜಫರ್ ಟ್ರಂಕನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದ. ಕೀಲಿ ಅವನ ಕೊರಳಲ್ಲಿತ್ತು. ಒಳಗೆ ಹತ್ತೊಂಬತ್ತು ನೋಟುಬುಕ್ಕುಗಳಿದ್ದವು. ಈರಬಸಪ್ಪ ಒಂದೊಂದರ ಬಣ್ಣ, ಹಾಳೆ, ಹರಿದ ಮೂಲೆ ನೋಡಿ ಚೀಟಿ ಬರೆದ. ರುಬಿಯಾ ಅದರ ಕೆಳಗೆ ಸಹಿ ಮಾಡಿದಳು. ಚೀಟಿಯ ನಂಬರು 374.